ನಾನು ಓಡಿದ್ದು ರೇಣುಕಾಳ ಜಾಗದಲ್ಲಿ

ಗದಗಿನ ಕ್ರೀಡಾಂಗಣಕ್ಕೆ ಬೆಳಿಗ್ಗೆ ಅಭ್ಯಾಸಕ್ಕೆ ಬರುವ ಹುಡುಗಿಯರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ: "ಅಕ್ಕಾರ, ಹರ್ಡಲ್ ದಾಟೂ ಮುಂದ ಹೆದರಿಕಿ ಆಗೂದಿಲ್ಲೇನ್ರಿ?" ಅವರನ್ನು ಬೈಕಿನಲ್ಲಿ ಕರೆತರುವ ಅಪ್ಪಂದಿರ ಪ್ರಶ್ನೆ ಬೇರೆ: "ಇದರಾಗ ನೌಕರಿ ಸಿಗತೈತೇನ್ರಿ ಮೇಡಮ್?" ಇಬ್ಬರಿಗೂ ನಾನು ಇಷ್ಟು ವರ್ಷ ಅರ್ಧ ಉತ್ತರವನ್ನೇ ಕೊಟ್ಟಿದ್ದೇನೆ. ಹೆದರಿಕೆ ಆಗುತ್ತದೆ, ಆಮೇಲೆ ಹೋಗುತ್ತದೆ ಎಂದಿದ್ದೇನೆ. ನೌಕರಿ ಸಿಗುತ್ತದೆ, ನನಗೆ ಸಿಕ್ಕಿದೆಯಲ್ಲ ಎಂದಿದ್ದೇನೆ. ಉಳಿದ ಅರ್ಧವನ್ನು ಈಗ ಬರೆಯುತ್ತಿದ್ದೇನೆ. ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ, ಅದನ್ನು ಮುಚ್ಚಿಡುವುದಿಲ್ಲ. ಓಡುವುದನ್ನು ಬಿಟ್ಟು ಹತ್ತು ವರ್ಷದ ಮೇಲಾಯಿತು. ಮೊಣಕಾಲು ತಣ್ಣಗಾಗಿದೆ, ಸಿಟ್ಟು ಆಗಿಲ್ಲ.

ನನ್ನ ಹೆಸರು ನೀಲವ್ವ. ಊರು ಶಿರಹಟ್ಟಿ ತಾಲೂಕಿನ ಬೆಳ್ಳಟ್ಟಿ. ನಾನೂರು ಮೀಟರ್ ಹರ್ಡಲ್ಸ್ ನನ್ನ ಓಟ. ಒಂದು ಸುತ್ತು, ಹತ್ತು ತಡೆ, ಒಂದೊಂದೂ ಎರಡೂವರೆ ಅಡಿ ಎತ್ತರ, ಎರಡರ ನಡುವೆ ಮೂವತ್ತೈದು ಮೀಟರ್. ದೇಶದ ಬನಿಯನ್ ತೊಟ್ಟು ಐದು ದೇಶಗಳಲ್ಲಿ ಓಡಿದ್ದೇನೆ. ಪದಕಗಳ ಪಟ್ಟಿ ಬೇಕಾದವರು ಬೇರೆ ಕಡೆ ಹುಡುಕಿಕೊಳ್ಳಲಿ.

ನನಗೆ ಮೊದಲು ಹರ್ಡಲ್ ತೋರಿಸಿದವರು ನಮ್ಮ ಹೈಸ್ಕೂಲಿನ ವ್ಯಾಯಾಮ ಶಿಕ್ಷಕರು, ಅಂಗಡಿ ಮಾಸ್ತರು. ಶಾಲೆಯಲ್ಲಿ ಹರ್ಡಲ್ ಇರಲಿಲ್ಲ. ಎರಡು ಬಿದಿರು ಗಳ ನೆಟ್ಟು ನಡುವೆ ಗೋಣಿಚೀಲ ಹೊಲಿಯುವ ದಾರ ಕಟ್ಟುತ್ತಿದ್ದರು. ತಾಗಿದರೆ ದಾರ ಹರಿಯುತ್ತಿತ್ತು, ಕಾಲು ಹರಿಯುತ್ತಿರಲಿಲ್ಲ. ಅವರು ದಿನಕ್ಕೆ ಹತ್ತು ಸಲ ಒಂದೇ ಮಾತು ಹೇಳುತ್ತಿದ್ದರು: "ಜಿಗೀಬ್ಯಾಡ ಲೇ. ಓಡಕೋಂತ ದಾಟು. ಜಿಗಿಯೋದು ಬ್ಯಾರೆ, ದಾಟೋದು ಬ್ಯಾರೆ." ಆಮೇಲೆ ವಿದೇಶದ ತರಬೇತುದಾರರೂ ನನಗೆ ಹೇಳಿದ್ದು ಇದನ್ನೇ, ಚಿತ್ರ ತೋರಿಸಿ ಹೇಳಿದರು, ಅಷ್ಟೇ.

ಆದರೆ ಮಾಸ್ತರು ಒಂದು ತಪ್ಪು ಮಾಡಿದರು. ಶಾಲೆಯ ಮೈದಾನ ಸಣ್ಣದು. ತಿರುವು ಹಾಕಲು ಜಾಗ ಇರಲಿಲ್ಲ, ನೇರ ಗೆರೆಯ ಮೇಲೆಯೇ ಕಲಿಸಿದರು. ನಾನು ಬಲಗಾಲು ಮುಂದಿಟ್ಟೇ ದಾಟುವುದನ್ನು ರೂಢಿ ಮಾಡಿಕೊಂಡೆ. ನಿಜವಾದ ಟ್ರ್ಯಾಕು ಎಡಕ್ಕೆ ತಿರುಗುತ್ತದೆ. ತಿರುವಿನಲ್ಲಿ ಬಲಗಾಲು ಮುಂದಿಟ್ಟರೆ ಹಿಂದಿನ ಎಡಗಾಲು ತಡೆಯ ಹೊರಗಿನಿಂದ ಬರುವ ಸಂಭವ ಹೆಚ್ಚು, ಹಾಗೆ ಬಂದರೆ ಓಟದಿಂದ ಹೊರಗೆ. ಮೊದಲ ರಾಜ್ಯ ಕೂಟದಲ್ಲಿ ನಾನು ಎರಡನೆಯವಳಾಗಿ ಮುಗಿಸಿ ಕೈ ಎತ್ತಿದಾಗ ಕೆಂಪು ಧ್ವಜ ಮೇಲೆ ಹೋಗಿತ್ತು. ಎಡಗಾಲಿಗೆ ಪಾಠ ಹೇಳಲು ನನಗೆ ಎರಡು ವರ್ಷ ಹಿಡಿಯಿತು. ಮಾಸ್ತರ ಮೇಲೆ ನನಗೆ ಸಿಟ್ಟಿಲ್ಲ. ಅವರು ಗೊತ್ತಿಲ್ಲದೆ ತಪ್ಪು ಮಾಡಿದರು, ಗೊತ್ತಾದ ದಿನ ಬೆಳ್ಳಟ್ಟಿಯ ನಮ್ಮ ಮನೆಗೆ ಬಂದು ಅಪ್ಪನ ಎದುರಿಗೇ ಹೇಳಿದರು: "ನನ್ನ ತಪ್ಪು ಐತ್ರಿ ಇದರಾಗ. ಹುಡುಗಿದಲ್ಲ." ನನ್ನ ಇಡೀ ಓಟದ ಬದುಕಿನಲ್ಲಿ ತಪ್ಪು ತನ್ನದೆಂದು ಒಪ್ಪಿಕೊಂಡ ಮೇಲಿನವರು ಅವರೊಬ್ಬರೇ.

ಎರಡನೆಯ ಪಾಠ ಗದಗಿನಲ್ಲಿ ನಡೆದ ಒಂದು ಕೂಟದ್ದು. ಹರ್ಡಲ್‌ನ ಪಾದಗಳು ಓಡಿ ಬರುವವರ ಕಡೆಗಿರಬೇಕು. ಆಗ ಕಾಲು ತಾಗಿದರೆ ಅದು ಮುಂದಕ್ಕೆ ಉರುಳುತ್ತದೆ. ಹಿಂದುಮುಂದಾಗಿ ಇಟ್ಟರೆ ಉರುಳುವುದಿಲ್ಲ, ಗೋಡೆಯಾಗುತ್ತದೆ. ಆ ದಿನ ನನ್ನ ಲೇನಿನ ಏಳನೆಯ ತಡೆಯನ್ನು ಯಾರೋ ಉಲ್ಟಾ ಇಟ್ಟಿದ್ದರು. ದಣಿದ ಕಾಲು ಒಂದು ಬೆರಳಷ್ಟು ಕೆಳಗೆ ಬಂತು. ಮೊಣಕಾಲಿನ ಕೆಳಗೆ ಮೂಳೆ ಕಾಣುವಷ್ಟು ಸೀಳಿತು. ಟ್ರ್ಯಾಕಿನ ಮೇಲೆ ಕುಳಿತಿದ್ದ ನನ್ನ ಹತ್ತಿರ ಬಂದ ಅಧಿಕಾರಿ ಕಾಲನ್ನು ನೋಡಲಿಲ್ಲ, ಮೊದಲು ಹರ್ಡಲನ್ನು ನೋಡಿದರು, ಅದನ್ನು ಸದ್ದಿಲ್ಲದೆ ತಿರುಗಿಸಿಟ್ಟರು. ಆಮೇಲೆ ಹೇಳಿದರು: "ನೋಡಿ ಓಡಬೇಕವಾ."

ಅವರು ತಿರುಗಿಸಿದ್ದನ್ನು ನಾನು ನೋಡಿದೆ. ನಾನು ನೋಡಿದ್ದು ಅವರಿಗೂ ಗೊತ್ತಾಯಿತು. ವರದಿಯಲ್ಲಿ ಓಟಗಾರ್ತಿಯ ಅಜಾಗರೂಕತೆ ಎಂದು ಬರೆದರು. ಅದಕ್ಕೇ ಹೇಳುವುದು, ಓಟಕ್ಕೆ ಮುಂಚೆ ನಿಮ್ಮ ಲೇನನ್ನು ಕೊನೆಯವರೆಗೆ ನಡೆದು ನೋಡಿ. ಹತ್ತೂ ತಡೆಗಳ ಪಾದಗಳನ್ನು ನೋಡಿ. ಅಧಿಕಾರಿಗಳು ಬೈದರೆ ಬೈಸಿಕೊಳ್ಳಿ. ಕಾಲು ನಿಮ್ಮದು.

ದೇಶದ ಪರವಾಗಿ ಮೊದಲ ಸಲ ಹೊರಗೆ ಹೋದಾಗ ನಾನು ಓಡಲೇ ಇಲ್ಲ. ಬೆಳಗಿನ ಹೀಟ್ಸ್, ಅಂದರೆ ಮೊದಲ ಸುತ್ತಿನ ಓಟ, ಒಂದೂವರೆ ಗಂಟೆ ಮುಂಚೆಗೆ ಬದಲಾಗಿತ್ತು. ಬದಲಾದ ವೇಳೆಯ ಹಾಳೆಯನ್ನು ಎಲ್ಲ ತಂಡಗಳ ಮ್ಯಾನೇಜರರಿಗೂ ಕೊಟ್ಟಿದ್ದರು. ನಮ್ಮ ಮ್ಯಾನೇಜರು ಆ ಹಾಳೆಯನ್ನು ಜೇಬಿನಲ್ಲಿಟ್ಟುಕೊಂಡು ಮನೆಯವರನ್ನು ಕರೆದುಕೊಂಡು ಊರು ನೋಡಲು ಹೋಗಿದ್ದರು. ಓಟಕ್ಕೆ ಮುಂಚೆ ಹೆಸರು ಕರೆದು ಸೇರಿಸುವ ಕರೆಕೋಣೆಯ ಬಾಗಿಲಿಗೆ ನಾನು ಹೋದಾಗ ನನ್ನ ಹೀಟ್‌ನ ಹುಡುಗಿಯರು ಬೆವರು ಒರೆಸಿಕೊಳ್ಳುತ್ತ ಹೊರಗೆ ಬರುತ್ತಿದ್ದರು. ಬಾಗಿಲಿನ ಹೆಂಗಸು ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ಹಾಕಿದ್ದ ಗೆರೆಯನ್ನು ತೋರಿಸಿದಳು. ಊರಿಗೆ ಬಂದರೆ, ನಾನು ಹೆದರಿ ಓಡಲಿಲ್ಲವಂತೆ ಎಂಬ ಸುದ್ದಿ ನನಗಿಂತ ಮೊದಲೇ ಬಂದಿತ್ತು. ಅವ್ವ ಕೇಳಿದಳು: "ಅಷ್ಟು ದೂರ ಹೋಗಿ ಯಾಕ ಓಡಲಿಲ್ಲ?" ಮ್ಯಾನೇಜರು ಯಾರು, ಹೀಟ್ಸ್ ಎಂದರೇನು ಎಂದು ಅವಳಿಗೆ ಬಿಡಿಸಿ ಹೇಳುವಷ್ಟರಲ್ಲಿ ನನಗೇ ಅದು ನೆಪದಂತೆ ಕೇಳಿಸಿತು.

ಇವೆಲ್ಲ ಸಣ್ಣ ಸಿಟ್ಟುಗಳು. ದೊಡ್ಡದಕ್ಕೆ ಈಗ ಬರುತ್ತೇನೆ.

ರಾಷ್ಟ್ರೀಯ ಶಿಬಿರದಲ್ಲಿ ನನ್ನ ಕೋಣೆಯಲ್ಲಿದ್ದವಳು ಮುಂಡರಗಿಯ ರೇಣುಕಾ. ಅವಳ ಅಪ್ಪನಿಗೆ ಅಲ್ಲಿ ಕಿರಾಣಿ ಅಂಗಡಿ. ನನ್ನದೇ ಓಟ, ನನ್ನದೇ ಭಾಷೆ, ನನಗಿಂತ ಎರಡು ವರ್ಷ ಚಿಕ್ಕವಳು, ನನಗಿಂತ ಚೆನ್ನಾಗಿ ಓಡುವವಳು. ಇದನ್ನು ಬರೆಯಲು ಈಗಲೂ ಕೈ ತಡೆಯುತ್ತದೆ. ನಾನು ಎರಡು ತಡೆಗಳ ನಡುವೆ ಹದಿನೇಳು ಹೆಜ್ಜೆ ಹಾಕುತ್ತಿದ್ದೆ. ಅವಳು ಹದಿನಾರು. ಹದಿನಾರು ಹಾಕಿದರೆ ಒಂದು ತಡೆಗೆ ಎಡಗಾಲು ಮುಂದೆ ಬರುತ್ತದೆ, ಮುಂದಿನದಕ್ಕೆ ಬಲಗಾಲು. ಎರಡೂ ಕಾಲು ಒಂದೇ ಸಮ ಪಳಗಿದವರಿಗೆ ಮಾತ್ರ ಅದು ಸಾಧ್ಯ. ಅವಳು ಅದನ್ನು ಮಾತಾಡುತ್ತ ಮಾಡುತ್ತಿದ್ದಳು. ಊಟದ ಮನೆಯ ಸಪ್ಪೆ ಬೇಳೆಗೆ ಮನೆಯಿಂದ ತಂದ ಶೇಂಗಾ ಚಟ್ನಿ ಕಲಸಿ ನನ್ನ ತಾಟಿಗೂ ಹಾಕುತ್ತಿದ್ದಳು. "ತಿನ್ನಲೇ ನೀಲಿ, ನಾಳೆ ನನ್ನ ಹಿಂದ ಓಡಾಕ ತಾಕತ್ತು ಬೇಕಲ್ಲ" ಎನ್ನುತ್ತಿದ್ದಳು. ನಾನು ನಗುತ್ತಿದ್ದೆ. ಒಳಗೆ ಉರಿಯುತ್ತಿತ್ತು ಎಂಬುದೂ ಖರೆ.

ಶಿಬಿರದ ಮುಖ್ಯ ತರಬೇತುದಾರರು ನರೆತ ಕೂದಲಿನ, ಮೆತ್ತಗೆ ಮಾತಾಡುವ ಮನುಷ್ಯ. ನಮ್ಮನ್ನೆಲ್ಲ ಬೇಟಾ ಎನ್ನುತ್ತಿದ್ದರು. ಹೆಸರು ಬರೆಯುವುದಿಲ್ಲ, ಬರೆಯಬಾರದು ಎಂದು ವಕೀಲರು ಹೇಳಿದ್ದಾರೆ. ಏಷ್ಯಾ ಮಟ್ಟದ ದೊಡ್ಡ ಕೂಟಕ್ಕೆ ಮೂರು ತಿಂಗಳಿದ್ದಾಗ ಅವರು ಸಂಜೆಯ ಅಭ್ಯಾಸ ಮುಗಿದ ಮೇಲೆ ಕಾಗದದ ಸಣ್ಣ ಪೊಟ್ಟಣಗಳನ್ನು ಕೊಡತೊಡಗಿದರು. ಒಳಗೆ ಎರಡೆರಡು ಗುಳಿಗೆ. ಹೆಸರಿಲ್ಲ, ಚೀಟಿಯಿಲ್ಲ. ದಣಿವು ಬೇಗ ಆರಲು ಎಂದರು. ಯಾರೂ ಕೇಳಲಿಲ್ಲ. ಶಿಬಿರದಲ್ಲಿ ಪ್ರಶ್ನೆ ಕೇಳಿದವರ ಹೆಸರು ಮುಂದಿನ ಶಿಬಿರದ ಪಟ್ಟಿಯಲ್ಲಿ ಇರುತ್ತಿರಲಿಲ್ಲ.

ರೇಣುಕಾ ನುಂಗಿದಳು. ನಾನೂ ನುಂಗಿದೆ. ಹತ್ತು ದಿನಕ್ಕೆ ನನ್ನ ಹೊಟ್ಟೆ ಕೆಟ್ಟಿತು. ಆಮೇಲೆ ಪೊಟ್ಟಣ ತೆಗೆದುಕೊಂಡು ಬಚ್ಚಲಿಗೆ ಹಾಕುತ್ತಿದ್ದೆ. ಅದು ಪ್ರಾಮಾಣಿಕತೆಯಲ್ಲ, ಅಜೀರ್ಣ. ಇದನ್ನು ಸ್ಪಷ್ಟವಾಗಿ ಬರೆಯಬೇಕು, ಏಕೆಂದರೆ ಆಮೇಲೆ ಊರ ಜನ ನನ್ನನ್ನು ಶುದ್ಧ ಚಿನ್ನ ಎಂದರು.

ಕೂಟಕ್ಕೆ ಐದು ವಾರ ಇದ್ದಾಗ ಮೂತ್ರ ಪರೀಕ್ಷೆಯವರು ಹೇಳದೆ ಕೇಳದೆ ಬಂದರು. ಅವರ ಪಟ್ಟಿಯಲ್ಲಿ ರೇಣುಕಾಳ ಹೆಸರಿತ್ತು, ನನ್ನದಿರಲಿಲ್ಲ. ಮೂರು ವಾರದ ಮೇಲೆ ಫಲಿತಾಂಶ ಬಂತು. ಉದ್ದೀಪನ ಮದ್ದು. ರೇಣುಕಾ ಆ ಕಾಗದವನ್ನು ನನ್ನ ಕೈಗೆ ಕೊಟ್ಟು, "ಇದು ಏನು ಬರದಾರ ಓದಿ ಹೇಳು, ನನಗ ತಿಳಿವಲ್ದು" ಎಂದಳು. ಅವಳಿಗೆ ಇಂಗ್ಲಿಷ್ ನನಗಿಂತ ಚೆನ್ನಾಗಿ ಬರುತ್ತಿತ್ತು.

ವಿಚಾರಣೆಗೆ ಮುಂಚಿನ ದಿನ ಅವಳು ನನ್ನನ್ನು ಕೇಳಿದ್ದು ಒಂದೇ. "ನೀಲಿ, ನಾ ಏನೂ ಸುಳ್ಳು ಹೇಳು ಅನ್ನಾಕತ್ತಿಲ್ಲ. ಸರ್ ಕೊಡೂದನ್ನ ನೀ ನೋಡೀದಿ. ನೋಡಿದ್ದಷ್ಟ ಹೇಳಿದ್ರ ಸಾಕು."

"ಹೇಳ್ತೀನಿ" ಎಂದೆ.

ಅದೇ ಮಧ್ಯಾಹ್ನ ಮುಖ್ಯ ತರಬೇತುದಾರರು ನನ್ನನ್ನು ಮೈದಾನದ ಬದಿಗೆ ಕರೆದರು. ಬೈಯಲಿಲ್ಲ, ಹೆದರಿಸಲಿಲ್ಲ. ನೀನು ಪೊಟ್ಟಣ ನೋಡಿದ್ದೇನೆ ಎಂದರೆ ನಿನಗೂ ಕೊಟ್ಟಿದ್ದರೇ ಎಂದು ಕೇಳುತ್ತಾರೆ, ಆಗ ಏನು ಹೇಳುತ್ತೀ ಬೇಟಾ ಎಂದು ಹಿಂದಿಯಲ್ಲಿ ಕೇಳಿದರು. ಆ ಕೂಟಕ್ಕೆ ಆಯ್ಕೆಯಾಗಿದ್ದವಳು ರೇಣುಕಾ, ಪಟ್ಟಿಯಲ್ಲಿ ಅವಳ ಕೆಳಗಿನ ಹೆಸರು ನನ್ನದು. ರೇಣುಕಾ ಹೋದರೆ ಆ ಕೂಟಕ್ಕೆ ಒಂದು ಜಾಗ ಖಾಲಿಯಾಗುತ್ತದೆ ಎಂದರು. ಅಷ್ಟು ಹೇಳಿ ನನ್ನ ಸ್ಪೈಕ್ಸ್ ಬೂಟಿನ ಸಡಿಲವಾಗಿದ್ದ ಲಾಡಿಯನ್ನು ತೋರಿಸಿ, ಕಟ್ಟಿಕೋ ಎಂದು ಹೊರಟುಹೋದರು.

ಮರುದಿನ ವಿಚಾರಣಾ ಸಮಿತಿಯ ಮೂವರು ಕೂತಿದ್ದ ಕೋಣೆಯಲ್ಲಿ ನನ್ನನ್ನು ಒಂದು ಪ್ರಶ್ನೆ ಕೇಳಿದರು. ಶಿಬಿರದಲ್ಲಿ ಯಾರಾದರೂ ಹೆಸರಿಲ್ಲದ ಗುಳಿಗೆ ಕೊಡುವುದನ್ನು ನೀವು ನೋಡಿದ್ದೀರಾ? ರೇಣುಕಾ ನನ್ನ ಎದುರಿಗೇ ಕುಳಿತಿದ್ದಳು. ಅವಳ ಪಕ್ಕದಲ್ಲಿ ಅವಳ ಅಪ್ಪ ಇದ್ದರು, ಮುಂಡರಗಿಯಿಂದ ಎರಡು ದಿನ ರೈಲಿನಲ್ಲಿ ಬಂದವರು, ಟೊಪ್ಪಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು.

"ನೋಡಿಲ್ಲ" ಎಂದೆ.

ರೇಣುಕಾಳ ಅಪ್ಪನಿಗೆ ಹಿಂದಿ ಅಷ್ಟಾಗಿ ಬರುತ್ತಿರಲಿಲ್ಲ. "ಏನಂದ್ಳವಾ?" ಎಂದು ಮಗಳನ್ನು ಕೇಳಿದರು. ಅವಳು ಅವರ ಟೊಪ್ಪಿಗೆಯನ್ನು ಎತ್ತಿ ಕೈಗೆ ಕೊಟ್ಟಳು.

ಅವಳಿಗೆ ಎರಡು ವರ್ಷ ನಿಷೇಧವಾಯಿತು. ತರಬೇತುದಾರರಿಗೆ ಒಂದು ದಿನವೂ ಆಗಲಿಲ್ಲ. ಮುಂದೆ ಅವರು ಆಯ್ಕೆ ಸಮಿತಿಗೆ ಹೋದರು, ಶಾಲು ಹೊದಿಸಿಕೊಂಡರು, ಹುಡುಗಿಯರಿಗೆ ಕ್ರೀಡಾಮನೋಭಾವದ ಬಗ್ಗೆ ಭಾಷಣ ಮಾಡಿದರು. ಎರಡು ಭಾಷಣಗಳಿಗೆ ನಾನು ಮುಂದಿನ ಸಾಲಿನಲ್ಲಿ ಕುಳಿತು ಚಪ್ಪಾಳೆ ತಟ್ಟಿದ್ದೇನೆ.

ಆ ಕೂಟಕ್ಕೆ ನಾನು ಹೋದೆ. ಫೈನಲ್‌ಗೆ ಬಂದೆ, ಆರನೆಯವಳಾದೆ. ನನ್ನ ಜೀವನದ ಅತಿ ವೇಗದ ಓಟ ಅದು. ಎಂಟನೆಯ ತಡೆ ದಾಟಿದಾಗ ಮುಂದೆ ಐವರು ಕಾಣುತ್ತಿದ್ದರು. ಹದಿನಾರು ಹೆಜ್ಜೆ ಹಾಕುವವಳು ಇಲ್ಲಿದ್ದಿದ್ದರೆ ಆ ಐವರಲ್ಲಿ ಇಬ್ಬರನ್ನಾದರೂ ಹಿಂದೆ ಹಾಕುತ್ತಿದ್ದಳು ಎಂದು ಅನ್ನಿಸಿತು. ಓಡುವಾಗ ಯೋಚನೆ ಬರುವುದಿಲ್ಲ ಎನ್ನುತ್ತಾರೆ, ಸುಳ್ಳು. ಗದಗ ಸ್ಟೇಷನ್ನಿನಲ್ಲಿ ನನಗೆ ಹಾರ ಹಾಕಿದರು. ಲಕ್ಷ್ಮೇಶ್ವರದಲ್ಲಿ, ಶಿರಹಟ್ಟಿಯಲ್ಲಿ, ಬೆಳ್ಳಟ್ಟಿಯಲ್ಲಿ ಸನ್ಮಾನ ಮಾಡಿದರು. ಮುಂಡರಗಿಯವರೂ ಕರೆದರು. ಜ್ವರ ಎಂದು ಹೇಳಿ ತಪ್ಪಿಸಿಕೊಂಡೆ. ಆ ಓಟದ ಮೇಲೆಯೇ ನನಗೆ ನೌಕರಿ ಬಂತು.

ಕಿರಿಯರು ಕೇಳಬಹುದು: ಈಗ ಕಾಲ ಬದಲಾಗಿದೆಯಲ್ಲ ಎಂದು. ಬದಲಾಗಿದೆ. ನಾವು ಕೆಂಪು ಮಣ್ಣಿನಲ್ಲಿ ಸುಣ್ಣದ ಗೆರೆ ಹಾಕಿಕೊಂಡು ಓಡಿದೆವು, ಅಳತೆ ಟೇಪಿನ ಎರಡೂ ತುದಿಯನ್ನು ನಾವೇ ಹಿಡಿದೆವು. ಈಗ ಸಿಂಥೆಟಿಕ್ ಟ್ರ್ಯಾಕಿನ ಮೇಲೆ ಹರ್ಡಲ್ ಇಡುವ ಜಾಗಕ್ಕೆ ಬಣ್ಣದ ಗುರುತೇ ಇರುತ್ತದೆ. ಹೆಜ್ಜೆ ಎಲ್ಲಿ ತಪ್ಪಿತು ಎಂದು ನಮಗೆ ಹೇಳಬೇಕಾದರೆ ಯಾರಾದರೂ ಕೂತು ಎಣಿಸಬೇಕಿತ್ತು. ಈಗ ಮೊಬೈಲು ನಿಧಾನವಾಗಿ ತಿರುಗಿಸಿ ತೋರಿಸುತ್ತದೆ. ಇದರಿಂದ ನನಗೆ ಸಂತೋಷವೇ. ಬದಲಾಗದೆ ಉಳಿದದ್ದು ಒಂದಿದೆ. ಕಾಗದದ ಪೊಟ್ಟಣ ಹೋಗಿ ಪ್ಲಾಸ್ಟಿಕ್ ಡಬ್ಬಿ ಬಂದಿದೆ, ಅಷ್ಟೇ.

ಹೋದ ವರ್ಷ ಹರ್ತಿಯ ಕಾವೇರಿ ಅಂಥ ಒಂದು ಡಬ್ಬಿ ಹಿಡಿದುಕೊಂಡು ಮೈದಾನಕ್ಕೆ ಬಂದಳು. ನನ್ನ ಹತ್ತಿರ ಕಲಿಯುವವರಲ್ಲಿ ಅವಳೇ ಮುಂದು, ಹದಿನೇಳು ವರ್ಷ. "ಅಕ್ಕಾರ, ಜಿಮ್ಮಿನ ಸರ್ ಕೊಟ್ಟಾರ್ರಿ. ತಾಕತ್ತು ಬರತೈತಂತ. ಹಾಲಿನಾಗ ಹಾಕ್ಕೊಂಡು ಕುಡಿ ಅಂದ್ರು."

ಡಬ್ಬಿಯ ಮೇಲೆ ಸ್ನಾಯು ಉಬ್ಬಿದ ಒಬ್ಬ ಗಂಡಸಿನ ಚಿತ್ರ ಇತ್ತು, ಒಳಗೆ ಏನಿದೆ ಎಂದು ಬರೆದಿರಲಿಲ್ಲ. ನನಗೆ ಮೈಮೇಲೆ ಅರಿವಿರಲಿಲ್ಲ. ಡಬ್ಬಿಯನ್ನು ಕಸಿದು ಮುಚ್ಚಳ ಕಿತ್ತು ಅಲ್ಲೇ ಮೋರಿಗೆ ಸುರಿದೆ. ಬಾಯಿಗೆ ಬಂದಂತೆ ಬೈದೆ. ಅವಳು ಅಳಲಿಲ್ಲ. ಖಾಲಿ ಡಬ್ಬಿಯನ್ನು ಎತ್ತಿಕೊಂಡು ಕೇಳಿದಳು: "ಇದರಾಗ ಕೆಟ್ಟದ್ದು ಐತಿ ಅಂತ ನಿಮಗ ಹೆಂಗ ಗೊತ್ತ್ರಿ ಅಕ್ಕಾರ? ನೀವು ನೋಡೀರೇನ?"

ನನಗೆ ಎರಡನೆಯ ಸಲ ಕೇಳಿದ ಪ್ರಶ್ನೆ ಅದು. ಮೊದಲ ಸಲ ಮೂವರು ದೊಡ್ಡವರು ಕೇಳಿದ್ದರು.

"ನೋಡೀನಿ" ಎಂದೆ. "ನುಂಗೀನಿ." ಮೈದಾನದ ಮೆಟ್ಟಿಲ ಮೇಲೆ ಅವಳನ್ನು ಕೂರಿಸಿಕೊಂಡು ಎಲ್ಲ ಹೇಳಿದೆ. ಉಳಿದ ಹುಡುಗಿಯರೂ ಬಂದು ಕುಳಿತರು. ಮರುದಿನ ನಾಲ್ಕು ಮಂದಿ ಅಪ್ಪಂದಿರು ಮಕ್ಕಳನ್ನು ಬಿಡಿಸಿದರು. "ಇಂಥವರ ಕೈಯಾಗ ಹುಡುಗೂರನ್ನ ಕೊಡೂದ ಬ್ಯಾಡ" ಎಂದು ಒಬ್ಬರು ನನಗೆ ಕೇಳಿಸುವಂತೆಯೇ ಹೇಳಿದರು. ಅವರ ಮೇಲೂ ಸಿಟ್ಟು ಬಂತು, ಆದರೆ ಅವರು ಹೇಳಿದ್ದರಲ್ಲಿ ತಪ್ಪು ಹುಡುಕಲು ನನ್ನಿಂದಾಗಲಿಲ್ಲ.

ಅದೇ ವಾರ ಬಸ್ಸು ಹತ್ತಿ ಮುಂಡರಗಿಗೆ ಹೋದೆ. ರೇಣುಕಾ ಅವಳ ಅಪ್ಪನ ಅಂಗಡಿಯಲ್ಲಿ ತಕ್ಕಡಿಯ ಹಿಂದೆ ಕುಳಿತಿದ್ದಳು. ಮೈ ತುಂಬಿಕೊಂಡಿತ್ತು, ಕನ್ನಡಕ ಬಂದಿತ್ತು. ನನ್ನನ್ನು ನೋಡಿದಳು, ಎದುರಿಗಿದ್ದ ಹೆಂಗಸಿಗೆ ಸಕ್ಕರೆ ತೂಗಿ ಕಟ್ಟಿಕೊಟ್ಟಳು, ಆಮೇಲೆ ಸ್ಟೂಲು ಮುಂದೆ ಸರಿಸಿದಳು.

"ಕುಂಡ್ರು."

ನಾನು ನಿಂತೇ ಹೇಳಿದೆ. ತರಬೇತುದಾರರು ಹೇಳಿದ ಮಾತು, ಖಾಲಿಯಾಗುವ ಜಾಗ, ನನ್ನ ಉತ್ತರ. ಎಲ್ಲ ಮುಗಿದ ಮೇಲೆ ತಕ್ಕಡಿಯ ತಟ್ಟೆಯಲ್ಲಿ ಉಳಿದಿದ್ದ ಸಕ್ಕರೆಯನ್ನು ಬಟ್ಟೆಯಿಂದ ಒರೆಸಿದಳು.

"ಇದನ್ನ ಹೇಳಾಕ ಇಷ್ಟು ವರ್ಷ ಬೇಕಾತೇನ ನಿನಗ?"

"ಹೂಂ."

"ನನಗ ಎರಡು ಕಡೆ ಲಗ್ನ ಮುರೀತು. ಔಷಧ ತಗೊಂಡಾಕಿ, ಮಕ್ಕಳಾಗೂದಿಲ್ಲ ಅಂದ್ರು. ಅವತ್ತಿನ ಮ್ಯಾಲೆ ಅಪ್ಪ ಸಾಯೂತನಕ ಬಾಯಿ ಬಿಟ್ಟು ಕೇಳಲಿಲ್ಲ. ಕೇಳಿದ್ರ ಹೇಳ್ತಿದ್ದೆ. ಕೇಳಲೇ ಇಲ್ಲ. ಒಳಗ ಏನು ತಿಳಕೊಂಡು ಹೋದನೋ." ಅವಳ ದನಿ ಏರಲಿಲ್ಲ. "ಈಗ ನನ್ನ ಮುಂದ ಹೇಳಿದ್ರ ಏನಾತು? ನನಗ ಗೊತ್ತೈತಿ. ಗೊತ್ತಿಲ್ಲದವರ ಮುಂದ ಹೇಳು. ಬರದು ಕೊಡು."

ಬರೆದೆ. ಮೂರು ಪುಟ. ಯಾರು ಕೊಟ್ಟರು, ಎಲ್ಲಿ ಕೊಟ್ಟರು, ನಾನೂ ನುಂಗಿದ್ದು, ವಿಚಾರಣೆಯಲ್ಲಿ ಸುಳ್ಳು ಹೇಳಿದ್ದು, ಎಲ್ಲವನ್ನೂ ಬರೆದು ಸಹಿ ಹಾಕಿ ಸಂಬಂಧಪಟ್ಟವರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದೆ. ನನ್ನ ಆಫೀಸಿಗೂ ಒಂದು ಪ್ರತಿ ಕೊಟ್ಟೆ. ಆಫೀಸಿನಲ್ಲಿ ವಿಚಾರಣೆ ನಡೆಯುತ್ತಿದೆ, ನೌಕರಿ ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ. ನೌಕರಿ ಸಿಗುತ್ತದೆಯೇ ಎಂದು ಕೇಳುವ ಅಪ್ಪಂದಿರಿಗೆ ಈಗ ಇದನ್ನೂ ಸೇರಿಸಿ ಹೇಳುತ್ತೇನೆ. ಮೇಲಿನಿಂದ ಉತ್ತರ ಬರಲು ಏಳು ತಿಂಗಳು ಹಿಡಿಯಿತು. ಎರಡು ಸಾಲು. ಪ್ರಕರಣ ಹಳೆಯದು, ಕಾಲಮಿತಿ ಮೀರಿದೆ, ಕಡತವನ್ನು ಮತ್ತೆ ತೆರೆಯುವುದಿಲ್ಲ. ತರಬೇತುದಾರರು ನಿವೃತ್ತರಾಗಿ ಮನೆಯಲ್ಲಿ ಆರಾಮಾಗಿದ್ದಾರೆ.

ಆ ಕಾಗದವನ್ನು ಹಿಡಿದುಕೊಂಡು ಮತ್ತೆ ಮುಂಡರಗಿಗೆ ಹೋದೆ. ರೇಣುಕಾ ಎರಡು ಸಾಲನ್ನು ಓದಿ ಪಕ್ಕಕ್ಕಿಟ್ಟಳು.

"ಅವರದು ಬಿಡು. ನೀ ಬರದದ್ದು ಎಲ್ಲೈತಿ?"

ಚೀಲದಿಂದ ನನ್ನ ಮೂರು ಪುಟ ತೆಗೆದು ಕೊಟ್ಟೆ. ಗಿರಾಕಿಗಳನ್ನು ನಿಲ್ಲಿಸಿಕೊಂಡೇ ಓದಿದಳು. ಒಂದು ಕಡೆ ಬೆರಳಿಟ್ಟು ಹಿಂದಕ್ಕೆ ಹೋಗಿ ಮತ್ತೆ ಓದಿದಳು. ಕೊನೆಗೆ ಕನ್ನಡಕ ತೆಗೆದಳು.

"ಇನ್ನೊಂದು ಪ್ರತಿ ಬೇಕಲ್ಲ. ಅಣ್ಣನ ಮನಿಗೆ ಕಳಸಬೇಕು. ಅವನ ಹೇಣ್ತಿ, ಔಷಧ ತಗೊಂಡಾಕಿ ಕಣ್ಣು ಹತ್ತತೈತಿ ಅಂತ, ಇನ್ನೂ ನನ್ನ ಮುಂದ ಹುಡುಗೂರಿಗೆ ಹಾಲು ಕೊಡಾಕ ಹಿಂದ ಮುಂದ ನೋಡ್ತಾಳ."

ಬಸ್ ಸ್ಟ್ಯಾಂಡಿನ ಎದುರಿಗೆ ಜೆರಾಕ್ಸ್ ಅಂಗಡಿ ಇದೆ. "ಎಷ್ಟು ಕಾಪಿ ತೆಗೀಲಿ ಅಕ್ಕಾರ?" ಎಂದು ಅಂಗಡಿಯವನು ಕೇಳಿದ. ಒಂದು ಎನ್ನಲು ಬಾಯಿ ತೆರೆದೆ.

"ಐವತ್ತು ತೆಗೀರಿ" ಎಂದೆ.

ಕಟ್ಟನ್ನು ತಂದು ತಕ್ಕಡಿಯ ಪಕ್ಕ ಇಟ್ಟಾಗ ರೇಣುಕಾ ಅದನ್ನೂ ನೋಡಿದಳು, ನನ್ನನ್ನೂ ನೋಡಿದಳು. ಒಂದು ಪ್ರತಿಯನ್ನು ಅಣ್ಣನಿಗೆ ಎಂದು ಎತ್ತಿಟ್ಟಳು, ಇನ್ನೊಂದನ್ನು ಗಲ್ಲಾದ ಮೇಲಿನ ಅಪ್ಪನ ಫೋಟೋದ ಹಿಂದೆ ಸಿಕ್ಕಿಸಿದಳು. ಉಳಿದದ್ದನ್ನು ನನ್ನ ಕಡೆ ತಳ್ಳಿದಳು.

"ಇವನ್ನ ನಾ ಹಂಚೂದಿಲ್ಲ. ನೀನ ಹಂಚು."

ಪಕ್ಕದ ಬಟ್ಟೆ ಅಂಗಡಿಯಿಂದ ಶುರು ಮಾಡಿದೆ. "ನಾನು ನೀಲವ್ವ ಅಂತ್ರಿ, ಓಡ್ತಿದ್ದೆ" ಎಂದು ಹೇಳಿ ಮೊದಲ ಪ್ರತಿಯನ್ನು ಕೊಟ್ಟೆ. ಆತ ಓದಿ ಮುಗಿಸುವವರೆಗೆ ಅಲ್ಲೇ ನಿಂತಿದ್ದೆ.